ವ್ಯಾಟ್ ಇಳಿಸಿದರೂ ನಿಲ್ಲದ ಕೆಮ್ಮು: ಇ-ಸಿಗರೇಟಿನ ಅಂಕಿಗಳನ್ನು ಓದುವ ಬಗೆ ಕುರಿತ ಒಂದು ಪ್ರಕರಣ ಅಧ್ಯಯನ

ಮೈಸೂರಿನಲ್ಲಿ ತಂಬಾಕು ಬಿಡಿಸುವ ಆಪ್ತಸಮಾಲೋಚನೆಯ ಕೆಲಸದಲ್ಲಿರುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾದ ಅಭ್ಯಾಸ ಇರುವವರು. ಬಿಡಬೇಕೆಂದಿದ್ದರೂ ಬಿಡಲಾಗುತ್ತಿಲ್ಲ ಎಂಬುದೇ ಅವರೆಲ್ಲರ ಅಳಲು. ಈ ಪ್ರಕರಣದ ವ್ಯಕ್ತಿ ಮಾತ್ರ ತಾವು ಮುಕ್ಕಾಲು ಪಾಲು ಬಿಟ್ಟಾಗಿದೆ ಎಂಬ ದೃಢ ನಂಬಿಕೆಯಿಂದ ಬಂದವರು. ವಯಸ್ಸು 31. ಮಂಡ್ಯ ತಾಲ್ಲೂಕಿನ ಹಳ್ಳಿಯವರು. ಮನೆಯಲ್ಲಿ ಕಬ್ಬಿನ ಬೇಸಾಯವಿದೆ, ಸ್ವಂತ ಆಲೆಮನೆ ಇದೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಎರಡು ತಿಂಗಳಿಂದ ಒಣಕೆಮ್ಮು, ಗಂಟಲಿನಲ್ಲಿ ಉರಿ, ಬೆಳಿಗ್ಗೆ ಎದ್ದಾಗ ಬಾಯಿಯೆಲ್ಲ ಒಣಗಿರುವುದು, ಇವು ಅವರ ತೊಂದರೆಗಳು. ಎದೆಯ ಎಕ್ಸ್-ರೇಯಲ್ಲಿ ದೋಷವೇನೂ ಕಾಣದಿದ್ದುದರಿಂದ, ಅವರು ‘ವೇಪ್’, ಅಂದರೆ ನಿಕೋಟಿನ್ ಬೆರೆತ ದ್ರವವನ್ನು (ಲಿಕ್ವಿಡ್) ಕಾಯಿಸಿ ಆವಿ ಎಳೆಯುವ ಇ-ಸಿಗರೇಟು, ಬಳಸುತ್ತಾರೆಂದು ತಿಳಿದ ವೈದ್ಯರು ನಮ್ಮ ಕಡೆಗೆ ಕಳುಹಿಸಿದ್ದರು. ಕುಳಿತ ಕೂಡಲೇ ಅವರು ಕೇಳಿದ ಪ್ರಶ್ನೆ ಹೀಗಿತ್ತು: “ಸರ್, ಹನ್ನೆರಡರ ಲಿಕ್ವಿಡ್‌ನಿಂದ ಮೂರಕ್ಕೆ ಬಂದಿದ್ದೀನಿ. ವ್ಯಾಟೂ ನಲವತ್ತರಿಂದ ಇಪ್ಪತ್ತೈದಕ್ಕೆ ಇಳಿಸಿದ್ದೀನಿ. ಇಷ್ಟು ಕಡಿಮೆ ಮಾಡಿದ್ಮೇಲೂ ಯಾಕೆ ಸರ್ ಕೆಮ್ಮು?”

ಈ ಎರಡು ವಾಕ್ಯಗಳಲ್ಲಿದ್ದ ಎರಡು ಅಂಕಿಗಳೂ ನಿಜವಾಗಿದ್ದವು. ಅವರು ಸುಳ್ಳು ಹೇಳುತ್ತಿರಲಿಲ್ಲ, ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಲೂ ಇರಲಿಲ್ಲ. ಆದರೆ ಮೂರು ಎಂಬುದು ಹನ್ನೆರಡಕ್ಕಿಂತ ಕಡಿಮೆ ನಿಕೋಟಿನ್ ಎಂದು ಅವರು ತಿಳಿದದ್ದೂ, ಇಪ್ಪತ್ತೈದು ಎಂಬುದು ನಲವತ್ತಕ್ಕಿಂತ ಕಡಿಮೆ ಕಾವು ಎಂದು ತಿಳಿದದ್ದೂ ಅವರ ವಿಷಯದಲ್ಲಿ ಸರಿಯಾಗಿರಲಿಲ್ಲ. ಇ-ಸಿಗರೇಟಿನ ಯಾವ ಅಂಕಿಯನ್ನೂ ಒಂಟಿಯಾಗಿ ಓದಲು ಬರುವುದಿಲ್ಲ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದನ್ನು ನಾನು ಕಂಡಿಲ್ಲ.

ಸಾಧನಗಳು ಬದಲಾದ ಕ್ರಮ

ಅವರು ಸುಮಾರು ಹತ್ತು ವರ್ಷ ದಿನಕ್ಕೆ ಹನ್ನೆರಡರಷ್ಟು ಸಿಗರೇಟು ಸೇದುತ್ತಿದ್ದರು. ನಡುವೆ ಎರಡು ವರ್ಷ ದುಬೈನಲ್ಲಿ ಕೆಲಸಕ್ಕಿದ್ದಾಗ, ಜೊತೆಯವರ ಮಾತಿನಂತೆ ಸಿಗರೇಟು ಬಿಟ್ಟು ಪೆನ್ನಿನಾಕಾರದ ವೇಪ್ ಹಿಡಿದರು. ಅದರ ಕಾಯಿಲ್‌ನ, ಅಂದರೆ ದ್ರವವನ್ನು ಕಾಯಿಸುವ ತಂತಿಯ, ರೋಧ 1.8 ಓಮ್. ಕೆಳತುದಿಯ ತಿರುಗಣಿಯಲ್ಲಿ 3.3ರಿಂದ 4.8 ವೋಲ್ಟ್‌ವರೆಗೆ ಆಯ್ಕೆ. ಲಿಕ್ವಿಡ್ ಪ್ರತಿ ಮಿಲಿಲೀಟರ್‌ಗೆ 12 ಮಿಲಿಗ್ರಾಂ ನಿಕೋಟಿನ್ ಇರುವಂಥದು. ಅವರು ಸಾಮಾನ್ಯವಾಗಿ 3.7 ವೋಲ್ಟ್‌ನ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಿದ್ದರು. 30 ಮಿಲಿಲೀಟರ್ ಬಾಟಲಿ ಹದಿನೈದು ದಿನ ಬರುತ್ತಿತ್ತು.

ನಿಕೋಟಿನ್ ಕಡಿಮೆ ಮಾಡಬೇಕೆಂಬ ಪ್ರಾಮಾಣಿಕ ಆಸೆಯಿಂದಲೇ ಎರಡನೆಯ ಸಾಧನಕ್ಕೆ ಬಂದರು. ಇದು ಪೆಟ್ಟಿಗೆಯಾಕಾರದ ‘ಮಾಡ್’. ಒಂದು 18650 ಮಾದರಿಯ ಬ್ಯಾಟರಿ, ಸಣ್ಣ ಪರದೆ, ವ್ಯಾಟ್ ಏರಿಸಿ ಇಳಿಸಲು ಎರಡು ಗುಂಡಿ. ಕಾಯಿಲ್ 0.38 ಓಮ್, ಜಾಲರಿಯ ಮಾದರಿಯದು, ಅದರ ಮೈಮೇಲೆ ‘30–45 ವ್ಯಾಟ್’ ಎಂದು ಕೊರೆದಿತ್ತು. ಲಿಕ್ವಿಡ್ 3 ಮಿಲಿಗ್ರಾಂನದು. 40 ವ್ಯಾಟ್‌ಗೆ ಇಟ್ಟುಕೊಂಡರು. ಊರಿಗೆ ಮರಳುವಾಗ ಈ ಮಾಡ್ ಮತ್ತು ಹಲವು ಬಾಟಲಿಗಳನ್ನು ಚೀಲದಲ್ಲಿ ತಂದರು.

ಇಲ್ಲಿ ಕಾನೂನಿನ ಮಾತೊಂದನ್ನು ಹೇಳದೆ ಮುಂದೆ ಹೋಗಲಾಗದು, ಏಕೆಂದರೆ ಮುಂದಿನ ಅನಾಹುತಕ್ಕೆ ಅದರ ಸಂಬಂಧವಿದೆ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಅದೇ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲಕ್ಕೂ ನಿಷೇಧವಿದೆ. ದಾಸ್ತಾನು ಬಿಟ್ಟು ಉಳಿದವುಗಳಲ್ಲಿ ಮೊದಲ ಸಲದ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಿಡಿಭಾಗಗಳೂ ಈ ನಿಷೇಧದೊಳಗೆ ಬರುತ್ತವೆ. ಹಾಗಾಗಿ ತಂದಿದ್ದ ಕಾಯಿಲ್‌ಗಳು ಮುಗಿದ ಮೇಲೆ ಅದೇ ಮಾದರಿಯ ಕಾಯಿಲ್ ಇಲ್ಲಿ ಸಿಗಲಿಲ್ಲ. ಪರಿಚಯದವರೊಬ್ಬರು ‘ಇದೂ ಅದಕ್ಕೇ ಕೂರುತ್ತದೆ’ ಎಂದು ಕೊಟ್ಟ ಬೇರೆ ಕಾಯಿಲ್ ಹಾಕಿಕೊಂಡರು. ಲಿಕ್ವಿಡ್ ತುಂಬುವ ಟ್ಯಾಂಕಿಗೆ ಅದು ನಿಜವಾಗಿಯೂ ಸರಿಯಾಗಿ ಕೂರುತ್ತಿತ್ತು. ಅದರ ರೋಧ 1.2 ಓಮ್.

ಹೊಸ ಕಾಯಿಲ್ ಹಾಕಿ, ಹಳೆಯ 40 ವ್ಯಾಟ್‌ನಲ್ಲಿಯೇ ಎಳೆದಾಗ ಸೀದ ರುಚಿ ಬಂದು ಗಂಟಲು ಕಟ್ಟಿತು. ಕಾವು ಹೆಚ್ಚಾಯಿತೆಂದು ಅವರಿಗೆ ಹೊಳೆಯಿತು, ಇಳಿಸಿದರು. 25ಕ್ಕೆ ಬಂದಾಗ ಸಹಿಸಬಹುದು ಎನ್ನಿಸಿತು. ಅಲ್ಲಿಗೇ ನಿಲ್ಲಿಸಿಕೊಂಡರು. ಕೆಮ್ಮು ಶುರುವಾದದ್ದು ಆ ಬಳಿಕ.

ಪರದೆಯ ಮೇಲಿನ ಮೂರು ಅಂಕಿಗಳು

ಸಾಧನವನ್ನು ಮುಂದಿನ ಸಲ ತರಲು ಹೇಳಿದೆ. ವಿದ್ಯುತ್ ಎಂಜಿನಿಯರಿಂಗ್ ಕಲಿಸುವ ನನ್ನ ಸ್ನೇಹಿತರೊಬ್ಬರು ಅಂದು ಜೊತೆಗಿದ್ದರು. ಪರದೆಯಲ್ಲಿ ಕಂಡದ್ದು: 25.0 ವ್ಯಾಟ್, 1.20 ಓಮ್, 5.48 ವೋಲ್ಟ್. ಬಳಸುವವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ, ಏಕೆಂದರೆ ಅದೇ ದೊಡ್ಡ ಅಕ್ಷರದಲ್ಲಿರುತ್ತದೆ ಮತ್ತು ಗುಂಡಿ ಒತ್ತಿದರೆ ಬದಲಾಗುವುದೂ ಅದೇ. ಆದರೆ ಮೂರನ್ನೂ ಒಟ್ಟಿಗೆ ಓದಿದಾಗ ಮಾತ್ರ ಅರ್ಥ ಹೊರಡುತ್ತದೆ.

ಲೆಕ್ಕ ಪ್ರೌಢಶಾಲೆಯ ಭೌತಶಾಸ್ತ್ರದ್ದು. ವೋಲ್ಟನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್. ಕಾಯಿಲ್ ಎಂದರೆ ಹತ್ತಿಯ ಬತ್ತಿಗೆ ಸುತ್ತಿದ ಅಥವಾ ಅದನ್ನು ತಬ್ಬಿದ ಲೋಹದ ತಂತಿ. ಲಿಕ್ವಿಡ್ ಹತ್ತಿಯಲ್ಲಿ ಹೀರಿಕೊಂಡು ತಂತಿಗೆ ತಾಗುತ್ತದೆ, ತಂತಿ ಕಾದು ಅದನ್ನು ಆವಿಯಾಗಿಸುತ್ತದೆ. ಆವಿ ಹೊರಗೆ ತಣಿದು ಸಣ್ಣ ಹನಿಗಳ ಮಂಜಾಗುತ್ತದೆ. ಇದನ್ನೇ ನಾವು ಹೊಗೆ ಎನ್ನುತ್ತೇವೆ. ಪ್ರತಿ ಕ್ಷಣ ತಂತಿಯಲ್ಲಿ ಎಷ್ಟು ಶಾಖ ಹುಟ್ಟುತ್ತದೆ ಎಂಬುದನ್ನು ವ್ಯಾಟ್ ಹೇಳುತ್ತದೆ. ಆ ಶಾಖ ಎಷ್ಟು ದೊಡ್ಡ ಮೈಯ ಮೇಲೆ ಹರಡಿಕೊಂಡಿದೆ, ಅದನ್ನು ಹೊತ್ತೊಯ್ಯಲು ಎಷ್ಟು ಲಿಕ್ವಿಡ್ ಬಂದು ಸೇರುತ್ತಿದೆ ಎಂಬುದನ್ನು ವ್ಯಾಟ್ ಹೇಳುವುದಿಲ್ಲ.

ಮೊದಲಿನ ಪೆನ್ನಿನಲ್ಲಿ ಇದ್ದದ್ದು ವೋಲ್ಟ್ ಬದಲಿಸುವ ವ್ಯವಸ್ಥೆ. 1.8 ಓಮ್ ಕಾಯಿಲ್‌ಗೆ 3.3 ವೋಲ್ಟ್ ಕೊಟ್ಟರೆ 6 ವ್ಯಾಟ್, 3.7 ಕೊಟ್ಟರೆ 7.6, ಕೊನೆಯ 4.8ಕ್ಕೆ ತಿರುಗಿಸಿದರೆ 12.8 ವ್ಯಾಟ್. ವೋಲ್ಟ್ ಏರಿದ್ದು ಒಂದೂವರೆ ಪಟ್ಟಿಗಿಂತ ತುಸು ಕಡಿಮೆ, ಶಾಖ ಏರಿದ್ದು ಎರಡು ಪಟ್ಟಿಗಿಂತ ಹೆಚ್ಚು. ವರ್ಗದ ಲೆಕ್ಕ ಆದ್ದರಿಂದ ಹೀಗೆ. ತಿರುಗಣಿಯನ್ನು ಸ್ವಲ್ಪವೇ ತಿರುಗಿಸಿದೆ ಎಂದು ಬಳಕೆದಾರರು ಅಂದುಕೊಳ್ಳುವಾಗ ಒಳಗೆ ಆಗುವುದು ಸ್ವಲ್ಪವಲ್ಲ.

ವ್ಯಾಟ್ ಬದಲಿಸುವ ಮಾಡ್‌ನಲ್ಲಿ ಈ ಲೆಕ್ಕವನ್ನು ಸಾಧನವೇ ಹಿಂದುಮುಂದಾಗಿ ಮಾಡುತ್ತದೆ. ಅದು ಕಾಯಿಲ್‌ನ ರೋಧವನ್ನು ಅಳೆದು, ನಾವು ಕೇಳಿದ ವ್ಯಾಟ್ ಬರಬೇಕಾದರೆ ಎಷ್ಟು ವೋಲ್ಟ್ ಬೇಕೋ ಅಷ್ಟನ್ನು ಒದಗಿಸುತ್ತದೆ. 0.38 ಓಮ್‌ಗೆ 40 ವ್ಯಾಟ್ ಕೇಳಿದಾಗ ಅದು ಕೊಡುತ್ತಿದ್ದುದು 3.9 ವೋಲ್ಟ್. ಕಾಯಿಲ್ ಬದಲಾಗಿ 1.2 ಓಮ್ ಆದಾಗ ಅದೇ 40 ವ್ಯಾಟ್‌ಗೆ ಸುಮಾರು 6.9 ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಇರುವುದೇ ಹೆಚ್ಚೆಂದರೆ 4.2 ವೋಲ್ಟ್, ಅದನ್ನು ಎತ್ತರಿಸಿ ಕೊಡುವ ಸರ್ಕೀಟು ಒಳಗಿದೆ. ಸಾಧನ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತದೆ. ಈ ಕಾಯಿಲ್‌ಗೆ ಇಷ್ಟು ತಡೆಯುತ್ತದೆಯೇ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ.

ಕಾಯಿಲ್ ಕಳಚಿ ಬಿಳಿ ಕಾಗದದ ಮೇಲೆ ಇಟ್ಟು ನೋಡಿದೆವು. ಕಿರುಬೆರಳಿನ ಉಗುರಿನಷ್ಟು ಅಗಲದ ಲೋಹದ ಕೊಳವೆ. ಅದರ ಪಕ್ಕದಲ್ಲಿ ಲಿಕ್ವಿಡ್ ಒಳಗೆ ಬರಲು ಎರಡು ಸಣ್ಣ ತೂತುಗಳು. ಹಳೆಯ 0.38 ಓಮ್ ಕಾಯಿಲ್ ಕೂಡ ಅವರ ಚೀಲದಲ್ಲಿತ್ತು. ಅದರ ತೂತುಗಳು ಹೊಸದರ ಮೂರರಷ್ಟು ದೊಡ್ಡವು. ಹೊಸದರ ಬುಡದ ಬಳಿ, ಎಣ್ಣೆ ಕಟ್ಟಿದ್ದರಿಂದ ಕಾಣದೆ ಹೋಗಿದ್ದ ಕೊರೆತವನ್ನು ಸ್ನೇಹಿತರು ಬಟ್ಟೆಯಲ್ಲಿ ಒರೆಸಿ ಓದಿದರು: ‘10–14 ವ್ಯಾಟ್’. ಕೊಳವೆಯನ್ನು ಸೀಳಿದಾಗ ಹತ್ತಿ ತಂತಿಯ ಕಡೆ ಕಪ್ಪಾಗಿ, ಹೊರಗಡೆ ಕಂದಾಗಿ ಇತ್ತು. ತಂತಿಯ ಸುರುಳಿಗಳ ನಡುವೆ ಗಟ್ಟಿಯಾದ ಕರಿ ಕಿಟ್ಟ ತುಂಬಿಕೊಂಡಿತ್ತು. ಲಿಕ್ವಿಡ್‌ಗೆ ಬೆರೆಸುವ ಸಿಹಿಯ ಅಂಶ ಹೀಗೆ ಕಿಟ್ಟವಾಗಿ ಕೂರುತ್ತದೆ. ರೋಧವನ್ನು ಮಲ್ಟಿಮೀಟರ್‌ನಲ್ಲಿ ಮತ್ತೆ ಅಳೆದರು. ಇಂಥ ಸಣ್ಣ ರೋಧ ಅಳೆಯುವಾಗ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ ತಂತಿಗಳ ಸ್ವಂತ ರೋಧವನ್ನು ಮೊದಲು ಕಳೆಯಬೇಕು, ಇಲ್ಲದಿದ್ದರೆ 1.2 ಎಂಬುದು 1.5 ಎಂದು ಓದಿಕೊಳ್ಳುತ್ತದೆ. ಪರದೆ ಹೇಳಿದ 1.2 ಸರಿಯಾಗಿಯೇ ಇತ್ತು.

ಅಲ್ಲಿಗೆ ಕೆಮ್ಮಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಆ ಕಾಯಿಲ್‌ಗೆ ಸಲ್ಲುವ 12 ವ್ಯಾಟ್‌ಗೆ ಬೇಕಾದದ್ದು ಸುಮಾರು 3.8 ವೋಲ್ಟ್. ಅವರು ‘ಕಡಿಮೆ’ ಎಂದುಕೊಂಡ 25, ಅದರ ಎರಡು ಪಟ್ಟಿಗೂ ಮಿಕ್ಕಿತ್ತು. ನಲವತ್ತರಿಂದ ಇಳಿದದ್ದನ್ನು ಅವರು ಲೆಕ್ಕ ಹಾಕಿದ್ದರು. ಎಲ್ಲಿಗೆ ಇಳಿಯಬೇಕಿತ್ತು ಎಂಬ ಅಳತೆ ಕಾಯಿಲ್‌ನ ಜೊತೆಯಲ್ಲಿಯೇ ಬದಲಾಗಿಹೋಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, “ಕೊಪ್ಪರಿಗೇಲಿ ಹಾಲು ತುಂಬಿರುವಾಗ ಹಾಕೋ ಉರಿನ ಪಾಕ ಬಂದ್ಮೇಲೂ ಹಾಕ್ದಂಗೆ ಆಯ್ತಲ್ಲ ಸರ್” ಎಂದರು. ಆಲೆಮನೆಯಲ್ಲಿ ಬೆಳೆದವರಿಗೆ ಇದಕ್ಕಿಂತ ಸರಿಯಾದ ವಿವರಣೆ ಬೇಕಿಲ್ಲ. ಕಬ್ಬಿನ ಹಾಲು ತುಂಬಿರುವ ತನಕ ಒಲೆಗೆ ಎಷ್ಟು ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ತುಂಬಿದರೂ ಆ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲಿಯೇ ಹೋಗುತ್ತದೆ. ನೀರು ಹೋಗಿ ಪಾಕ ಗಟ್ಟಿಯಾದ ಮೇಲೆ ಅದೇ ಉರಿಗೆ ತಳ ಹಿಡಿದು ಬೆಲ್ಲ ಸೀಯುತ್ತದೆ. ಇಲ್ಲಿಯೂ ದ್ರವ ಸಾಕಷ್ಟು ಬರುತ್ತಿರುವ ತನಕ ತಂತಿಯ ಕಾವು ದ್ರವದ ಕುದಿಬಿಂದುವಿನ ಸುತ್ತಮುತ್ತ ನಿಲ್ಲುತ್ತದೆ. ಪ್ರೊಪಿಲೀನ್ ಗ್ಲೈಕಾಲ್ 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290 ಡಿಗ್ರಿಯಲ್ಲಿ ಕುದಿಯುತ್ತವೆ. ಲಿಕ್ವಿಡ್‌ನ ಬಹುಪಾಲು ಇವೆರಡೇ. ಎರಡು ಸಣ್ಣ ತೂತುಗಳಿಂದ ಬರುವ ದ್ರವ 25 ವ್ಯಾಟ್‌ನ ಶಾಖಕ್ಕೆ ಸಾಲದಾದಾಗ ಹತ್ತಿ ಒಣಗುತ್ತದೆ, ತಂತಿಯ ಕಾವು ತಡೆಯಿಲ್ಲದೆ ಏರುತ್ತದೆ. ಅವರ ಬಾಟಲಿಗಳಲ್ಲಿ ಗ್ಲಿಸರಿನ್ ಪಾಲು ಹೆಚ್ಚು. ಅದು ಮಂದ ದ್ರವ, ಹತ್ತಿಯಲ್ಲಿ ನಿಧಾನವಾಗಿ ಹರಿಯುತ್ತದೆ. ತೊಂದರೆಗೆ ಇದೂ ಸೇರಿಕೊಂಡಿತು.

ಸೀಯುವುದೆಂದರೆ ರುಚಿ ಕೆಡುವುದಷ್ಟೇ ಅಲ್ಲ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಅತಿಯಾಗಿ ಕಾದಾಗ ಒಡೆದು ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೋಲಿನ್ ಹುಟ್ಟುತ್ತವೆ. ಅಕ್ರೋಲಿನ್ ಉಸಿರುನಾಳವನ್ನು ನೇರವಾಗಿ ಕೆರಳಿಸುವ ವಸ್ತು. ಎಣ್ಣೆ ಹೊತ್ತಿಕೊಂಡಾಗ ಅಡುಗೆಮನೆಯಲ್ಲಿ ಕಣ್ಣು ಉರಿಸಿ ಕೆಮ್ಮು ಬರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೇ ವರ್ಗೀಕರಿಸಿದೆ.

ಈ ಬಗ್ಗೆ ನಡೆದ ಒಂದು ಹಳೆಯ ವಿವಾದವನ್ನು ನೆನೆಯುವುದು ಇಲ್ಲಿ ಅಗತ್ಯ. 2015ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, ಒಂದು ಇ-ಸಿಗರೇಟನ್ನು 3.3 ವೋಲ್ಟ್‌ನಲ್ಲಿ ನಡೆಸಿದಾಗ ಫಾರ್ಮಾಲ್ಡಿಹೈಡ್ ಬಿಡುವ ಸಂಯುಕ್ತಗಳು ಸಿಗಲಿಲ್ಲವೆಂದೂ, 5 ವೋಲ್ಟ್‌ನಲ್ಲಿ ನಡೆಸಿದಾಗ ಹೇರಳವಾಗಿ ಸಿಕ್ಕವೆಂದೂ ಪ್ರಕಟಿಸಿದರು. ಅದೇ ವರ್ಷ ಗ್ರೀಸ್‌ನ ಹೃದ್ರೋಗ ವೈದ್ಯ ಕಾನ್‌ಸ್ಟಾಂಟಿನೋಸ್ ಫರ್ಸಲಿನೋಸ್ ಮತ್ತು ಸಂಗಡಿಗರು, ಹತ್ತಿ ಒಣಗಿ ಸೀದ ರುಚಿ ಬರುವ ಸ್ಥಿತಿಯಲ್ಲಿ ಮಾತ್ರ ಆಲ್ಡಿಹೈಡ್‌ಗಳು ಹೆಚ್ಚುತ್ತವೆಂದೂ, ಆ ರುಚಿಯನ್ನು ಬಳಕೆದಾರರು ಸಹಿಸದೆ ನಿಲ್ಲಿಸುತ್ತಾರೆಂದೂ ವಾದಿಸಿದರು. ಅವರು ಎರಡು ಬಗೆಯ ಕಾಯಿಲ್‌ಗಳನ್ನು ಒಂದೇ ವ್ಯಾಟ್‌ಗಳಲ್ಲಿ ಹೋಲಿಸಿದ್ದರು. 9 ಮತ್ತು 10 ವ್ಯಾಟ್‌ನಲ್ಲಿ ಒಂದು ಕಾಯಿಲ್ ಸೀದಿತು, ಇನ್ನೊಂದು ಸೀಯಲಿಲ್ಲ. ಸೀದಾಗ ಆಲ್ಡಿಹೈಡ್‌ಗಳ ಪ್ರಮಾಣ 30ರಿಂದ 250 ಪಟ್ಟು ಏರಿತ್ತು.

ಎರಡು ಪಕ್ಷಗಳೂ ಪರಸ್ಪರ ವಿರುದ್ಧವಾಗಿ ಉದ್ಧೃತವಾಗುತ್ತವೆ. ನನ್ನ ಓದಿನಲ್ಲಿ ಎರಡೂ ಸೇರಿ ಒಂದೇ ಮಾತನ್ನು ಸ್ಥಾಪಿಸುತ್ತವೆ: ಕಾಯಿಲ್ ಯಾವುದೆಂದು ಹೇಳದೆ 5 ವೋಲ್ಟ್ ಎಂದಾಗಲಿ 10 ವ್ಯಾಟ್ ಎಂದಾಗಲಿ ಹೇಳಿದರೆ ಅಪಾಯದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಸೀದ ರುಚಿಯೇ ಕಾವಲು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಈ ಯುವಕರು 40ರಲ್ಲಿ ಸಹಿಸದೆ ನಿಲ್ಲಿಸಿದ್ದು ನಿಜ. ಆದರೆ 25ರಲ್ಲಿ ಪುದೀನದ ಘಾಟಿರುವ ಲಿಕ್ವಿಡ್ ಬಳಸಿ, ‘ಸ್ವಲ್ಪ ಒಗರು’ ಎಂದುಕೊಂಡು ಎರಡು ತಿಂಗಳು ಎಳೆದರು. ರುಚಿಗೆ ನಾಲಗೆ ಒಗ್ಗಿಹೋಯಿತು. ಶ್ವಾಸನಾಳ ಒಗ್ಗಲಿಲ್ಲ.

ಬ್ಯಾಟರಿಯ ಕಡೆ

ಮಾಡ್ ಬಿಸಿಯಾಗುತ್ತದೆ ಎಂದು ಅವರು ಮಾತಿನ ಮಧ್ಯೆ ಹೇಳಿದ್ದರು. ಅದನ್ನು ನಾನು ಅಷ್ಟಾಗಿ ಗಮನಕ್ಕೆ ತೆಗೆದುಕೊಂಡಿರಲಿಲ್ಲ. ಸ್ನೇಹಿತರು ಬ್ಯಾಟರಿ ಹೊರತೆಗೆಯಲು ಹೇಳಿದರು. ಮೂಲ ಬ್ಯಾಟರಿ ಸೋತಾಗ ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಲ್ಯಾಪ್‌ಟಾಪ್ ಪ್ಯಾಕ್‌ನಿಂದ ಬಿಡಿಸಿದ ಸೆಲ್ ಹಾಕಿಸಿಕೊಂಡಿದ್ದರು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅಳತೆ ಒಂದೇ. ಮೇಲ್ಹೊದಿಕೆಯ ಮೇಲೆ ಹೆಸರೂ ಇಲ್ಲ, ಎಷ್ಟು ಆಂಪಿಯರ್ ತಡೆಯುತ್ತದೆಂಬ ವಿವರವೂ ಇಲ್ಲ. ಧನ ತುದಿಯ ಅಂಚಿನಲ್ಲಿ ಹೊದಿಕೆ ಹರಿದಿತ್ತು.

ಕಾಯಿಲ್‌ನ ರೋಧ ಹೆಚ್ಚಾದರೆ ಬ್ಯಾಟರಿಗೆ ಹೊರೆ ಕಡಿಮೆ ಎಂದು ಅನೇಕರು ನಂಬಿದ್ದಾರೆ. ಬ್ಯಾಟರಿ ನೇರವಾಗಿ ಕಾಯಿಲ್‌ಗೆ ಸೇರುವ ಹಳೆಯ ಸಾಧನಗಳಲ್ಲಿ ಅದು ನಿಜ. ವ್ಯಾಟ್ ನಿಯಂತ್ರಿಸುವ ಮಾಡ್‌ನಲ್ಲಿ ಹಾಗಿಲ್ಲ. ಇಲ್ಲಿ ಬ್ಯಾಟರಿಯಿಂದ ಎಳೆಯುವ ಕರೆಂಟು ವ್ಯಾಟನ್ನು ಅವಲಂಬಿಸಿದೆ, ಕಾಯಿಲ್‌ನ ರೋಧವನ್ನಲ್ಲ. ಸರ್ಕೀಟಿನಲ್ಲಿ ಹತ್ತರಲ್ಲೊಂದು ಪಾಲು ನಷ್ಟವಾಗುತ್ತದೆಂದು ಇಟ್ಟುಕೊಂಡರೆ, ಬ್ಯಾಟರಿ 3.4 ವೋಲ್ಟ್‌ಗೆ ಇಳಿದಿರುವಾಗ 40 ವ್ಯಾಟ್‌ಗೆ ಸುಮಾರು 13 ಆಂಪಿಯರ್, 25 ವ್ಯಾಟ್‌ಗೆ ಸುಮಾರು 8 ಆಂಪಿಯರ್ ಎಳೆಯಬೇಕು. ಚಾರ್ಜ್ ಇಳಿದಷ್ಟೂ ಕರೆಂಟು ಏರುತ್ತದೆ, ಏಕೆಂದರೆ ವೋಲ್ಟ್ ಕಡಿಮೆಯಾದದ್ದನ್ನು ಆಂಪಿಯರ್‌ನಲ್ಲಿ ತುಂಬಿಕೊಳ್ಳದೆ ಸಾಧನಕ್ಕೆ ಬೇರೆ ದಾರಿಯಿಲ್ಲ. ಲ್ಯಾಪ್‌ಟಾಪ್‌ಗೆಂದು ಮಾಡಿದ ಸಾಮಾನ್ಯ ಸೆಲ್‌ಗಳು ಬಹಳ ಹೊತ್ತು ಸಣ್ಣ ಕರೆಂಟು ಕೊಡಲು ತಯಾರಾದಂಥವು; ಅನೇಕವುಗಳ ಮಿತಿ 5 ಆಂಪಿಯರ್ ಸುತ್ತಮುತ್ತ. ಹರಿದ ಹೊದಿಕೆಯಂತೂ ಶಾರ್ಟ್ ಸರ್ಕೀಟಿಗೆ ದಾರಿ, ಏಕೆಂದರೆ ಸೆಲ್‌ನ ಇಡೀ ಮೈ ಋಣ ತುದಿಯೇ ಆಗಿದ್ದು, ಧನ ತುದಿಯ ಬಳಿ ಎರಡರ ನಡುವೆ ಇರುವ ಅಂತರ ತೀರಾ ಕಡಿಮೆ. ಅವರು ಬಿಡಿ ಸೆಲ್ಲನ್ನು ಬೈಕಿನ ಕೀಲಿಯ ಜೊತೆ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ಮಂಡ್ಯಕ್ಕೂ ಮೈಸೂರಿಗೂ ಓಡಾಡಿದ್ದರು ಎಂದು ತಿಳಿದಾಗ ಸ್ನೇಹಿತರು ತುಂಬ ಗಾಬರಿಯಾದರು. ತುದಿಗಳಿಗೆ ಟೇಪ್ ಸುತ್ತಿ, ಆ ಸೆಲ್ಲನ್ನು ಅಂದೇ ಇ-ತ್ಯಾಜ್ಯ ಸಂಗ್ರಹಕ್ಕೆ ತೆಗೆದಿರಿಸಲಾಯಿತು.

ಮೂರು ಮತ್ತು ಹನ್ನೆರಡರ ಲೆಕ್ಕ

ಇನ್ನು ಅವರ ಮೊದಲ ಅಂಕಿ. ಹನ್ನೆರಡರಿಂದ ಮೂರಕ್ಕೆ ಇಳಿದದ್ದು ಅವರಿಗೆ ದೊಡ್ಡ ಹೆಮ್ಮೆಯ ವಿಷಯವಾಗಿತ್ತು, ಅದನ್ನು ಒರಟಾಗಿ ಅಲ್ಲಗಳೆಯಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಅವರ ಕೈಯಲ್ಲಿಯೇ ಲೆಕ್ಕ ಮಾಡಿಸಿದೆ. ಪೆನ್ನಿನ ಕಾಲದಲ್ಲಿ 30 ಮಿಲಿಲೀಟರ್ ಹದಿನೈದು ದಿನಕ್ಕೆ, ಅಂದರೆ ದಿನಕ್ಕೆ 2 ಮಿಲಿಲೀಟರ್. ಹನ್ನೆರಡರಿಂದ ಗುಣಿಸಿದರೆ 24 ಮಿಲಿಗ್ರಾಂ. ಮಾಡ್‌ನ ಕಾಲದಲ್ಲಿ 60 ಮಿಲಿಲೀಟರ್ ಬಾಟಲಿ ಏಳೆಂಟು ದಿನದಲ್ಲಿ ಮುಗಿಯುತ್ತಿತ್ತು, ಅಂದರೆ ದಿನಕ್ಕೆ ಸುಮಾರು 8 ಮಿಲಿಲೀಟರ್. ಮೂರರಿಂದ ಗುಣಿಸಿದರೆ ಮತ್ತೆ 24. ಅವರು ಎರಡು ಸಲ ಗುಣಿಸಿ ನೋಡಿ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಬಾಟಲಿಯ ಮೇಲಿನ ಅಂಕಿ ಸಾಂದ್ರತೆಯನ್ನು ಹೇಳುತ್ತದೆ, ದೇಹಕ್ಕೆ ಹೋದ ಪ್ರಮಾಣವನ್ನಲ್ಲ. ನಿಕೋಟಿನ್ ದೇಹಕ್ಕೆ ಹೋಗುವ ವೇಗವನ್ನು ಸಾಂದ್ರತೆ, ಪ್ರತಿ ಸೆಕೆಂಡಿಗೆ ಆವಿಯಾಗುವ ದ್ರವ, ಎಳೆಯುವ ಅವಧಿ ಮೂರೂ ಸೇರಿ ನಿರ್ಧರಿಸುತ್ತವೆ. 7.6 ವ್ಯಾಟ್‌ನಲ್ಲಿ ನಾಲ್ಕು ಸೆಕೆಂಡು ಎಳೆದರೆ ತಂತಿಗೆ ಸಿಗುವ ಶಕ್ತಿ ಸುಮಾರು 30 ಜೂಲ್. 40 ವ್ಯಾಟ್‌ನಲ್ಲಿ ಅಷ್ಟೇ ಹೊತ್ತಿಗೆ 160 ಜೂಲ್. ಆವಿ ಐದು ಪಟ್ಟಿನ ಆಸುಪಾಸಿಗೆ ಏರಲು ಅವಕಾಶವಾದಾಗ ನಿಕೋಟಿನ್ ನಾಲ್ಕನೆಯ ಒಂದಕ್ಕೆ ಇಳಿದದ್ದನ್ನು ದೇಹ ತಾನಾಗಿಯೇ ಸರಿತೂಗಿಸಿಕೊಂಡಿತು. ಇದು ಈ ಒಬ್ಬರ ದೌರ್ಬಲ್ಯವಲ್ಲ. ಬ್ರಿಟನ್‌ನಲ್ಲಿ ಲಿನ್ ಡಾಕಿನ್ಸ್ ಮತ್ತು ಸಂಗಡಿಗರು 20 ಮಂದಿ ಅನುಭವಿ ಬಳಕೆದಾರರಿಗೆ ಕೆಲವು ವಾರ 18 ಮಿಲಿಗ್ರಾಂ, ಕೆಲವು ವಾರ 6 ಮಿಲಿಗ್ರಾಂ ಲಿಕ್ವಿಡ್ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕಡಿಮೆ ನಿಕೋಟಿನ್ ಸಿಕ್ಕಾಗ ಅವರು ಹೆಚ್ಚು ಸಲ, ಹೆಚ್ಚು ಹೊತ್ತು ಎಳೆದರು. ವ್ಯಾಟ್ ಬದಲಿಸಲು ಅವಕಾಶವಿದ್ದಾಗ ಅದನ್ನೂ ಏರಿಸಿಕೊಂಡರು. ನಿಕೋಟಿನ್ ಕಡಿಮೆಯಿದ್ದ ವಾರಗಳಲ್ಲಿ ಮೂತ್ರದಲ್ಲಿ ಫಾರ್ಮಾಲ್ಡಿಹೈಡ್‌ನ ಗುರುತು ಹೆಚ್ಚಾಗಿಯೇ ಕಂಡಿತು.

ನಮ್ಮ ಪ್ರಕರಣದಲ್ಲಿ 24 ಎಂಬುದು ಸಾಧನದ ಮೂಲಕ ಹಾದುಹೋದ ನಿಕೋಟಿನ್. ರಕ್ತಕ್ಕೆ ಸೇರಿದ್ದು ಇದಕ್ಕಿಂತ ಕಡಿಮೆ. ಆದರೂ ಒಂದು ಸಿಗರೇಟಿನಿಂದ ದೇಹ ಹೀರಿಕೊಳ್ಳುವುದು ಸುಮಾರು 1ರಿಂದ 1.5 ಮಿಲಿಗ್ರಾಂ ಎಂಬುದನ್ನು ನೆನೆದರೆ, ದಿನಕ್ಕೆ ಹನ್ನೆರಡು ಸಿಗರೇಟು ಸೇದುತ್ತಿದ್ದವರ ಅವಲಂಬನೆ ಸ್ವಲ್ಪವೂ ಸಡಿಲವಾಗಿರಲಿಲ್ಲ ಎಂದು ತಿಳಿಯುತ್ತದೆ. ನಿಕೋಟಿನ್ ಅಷ್ಟೇ ಉಳಿದು, ಒಳಗೆಳೆದುಕೊಂಡ ದ್ರವ ಮಾತ್ರ ನಾಲ್ಕು ಪಟ್ಟಾಗಿತ್ತು. ‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ದಮ್ಮು?’ ಎಂದು ಕೇಳಿದಾಗ ‘ಹಾಸಿಗೆಯಲ್ಲೇ ಸರ್’ ಎಂದಿದ್ದರು. ಅವಲಂಬನೆ ಅಳೆಯುವ ಪ್ರಶ್ನೆಗಳಲ್ಲಿ ಅತ್ಯಂತ ತೂಕದ ಪ್ರಶ್ನೆ ಅದು, ಲೆಕ್ಕದ 24ಕ್ಕೂ ಈ ಉತ್ತರಕ್ಕೂ ಹೊಂದಿಕೆಯಿತ್ತು.

ಮೂರನೆಯ ಹಂತದಲ್ಲಿ, ಅಂದರೆ 1.2 ಓಮ್ ಕಾಯಿಲ್‌ನ ಕಾಲದಲ್ಲಿ, ಒಗರಿಗೆ ಹೆದರಿ ಎಳೆತ ಕಡಿಮೆಯಾಗಿ ಬಾಟಲಿ ಹನ್ನೆರಡು ದಿನ ಬರತೊಡಗಿತ್ತು. ಹಾಗಾದರೆ ಕೊರತೆಯನ್ನು ಎಲ್ಲಿ ತುಂಬಿಕೊಂಡಿರಿ ಎಂದು ಕೇಳಿದೆ. ಕಾರ್ಖಾನೆಯ ಎದುರಿನ ಟೀ ಅಂಗಡಿಯಲ್ಲಿ ದಿನಕ್ಕೆ ಮೂರು ನಾಲ್ಕು ಸಿಗರೇಟು ಮತ್ತೆ ಶುರುವಾಗಿದ್ದವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕೈಗೊಂಡ ಕ್ರಮ

ಸರಿಯಾದ ವ್ಯಾಟ್ ಎಷ್ಟೆಂದು ಅವರಿಗೆ ಹೇಳಿಕೊಡಬೇಕೇ ಎಂಬ ಬಗ್ಗೆ ನಮ್ಮಲ್ಲಿ ಚರ್ಚೆಯಾಯಿತು. ನಿಷೇಧಿತ ವಸ್ತುವನ್ನು ಬಳಸುವ ಬಗೆ ಕಲಿಸಿದಂತಾಗುತ್ತದೆ ಎಂಬುದು ಸಹೋದ್ಯೋಗಿಯೊಬ್ಬರ ಆತಂಕ. ಅದಕ್ಕೆ ಕಾರಣವಿತ್ತು. ಆದರೆ ಎದುರಿಗಿರುವವರು ಸುಟ್ಟ ದ್ರವದ ಆವಿಯನ್ನು ದಿನವಿಡೀ ಎಳೆಯುತ್ತಿರುವಾಗ, ಅದು ಏಕೆ ಸುಡುತ್ತಿದೆ ಎಂಬುದನ್ನು ತಿಳಿದೂ ಹೇಳದಿರುವುದು ನಮ್ಮ ಕೆಲಸಕ್ಕೆ ಒಪ್ಪುವುದಿಲ್ಲವೆಂದು ನಾನು ವಾದಿಸಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆವು. ಜೊತೆಗೆ ಇನ್ನೊಂದನ್ನೂ ಹೇಳಿದೆವು: ಒಮ್ಮೆ ಕರಿಹತ್ತಿದ ಹತ್ತಿ 12 ವ್ಯಾಟ್‌ಗೆ ಇಳಿಸಿದರೂ ಸರಿಹೋಗುವುದಿಲ್ಲ, ಕಿಟ್ಟ ಕಟ್ಟಿದ ತಂತಿ ದ್ರವವನ್ನು ಸರಿಯಾಗಿ ಮುಟ್ಟುವುದೂ ಇಲ್ಲ. ಕಾಯಿಲ್‌ಗೆ ಸಲ್ಲುವ ಶಕ್ತಿಯಲ್ಲಿ ಬಳಸಿದರೂ ಅವಲಂಬನೆ ಅಲ್ಲಿಯೇ ಉಳಿಯುತ್ತದೆ, ಉಸಿರಿನೊಳಗೆ ಹೋಗುವ ದ್ರವ ಹೋಗುತ್ತಲೇ ಇರುತ್ತದೆ. ಸಾಧನವನ್ನು ಆ ದಿನವೇ ನಿಲ್ಲಿಸಲು ಅವರೇ ಒಪ್ಪಿದರು.

ಲೆಕ್ಕ ಮಾಡಿಸಿದ್ದರ ನಿಜವಾದ ಉಪಯೋಗ ಕಂಡದ್ದು ಔಷಧಿಯ ಹಂತದಲ್ಲಿ. ‘ಮೂರರ ಲಿಕ್ವಿಡ್’ ಎಂಬ ಮಾತನ್ನೇ ನಂಬಿದ್ದರೆ ಅವಲಂಬನೆ ಹಗುರವಾದದ್ದೆಂದು ತಿಳಿದು 2 ಮಿಲಿಗ್ರಾಂ ನಿಕೋಟಿನ್ ಗಮ್‌ನಲ್ಲಿ ಮುಗಿಸುತ್ತಿದ್ದೆವು. ಅದು ಸಾಲದೆ ಅವರು ಟೀ ಅಂಗಡಿಗೇ ಹೋಗುತ್ತಿದ್ದರು. ದಿನದ 24 ಮಿಲಿಗ್ರಾಂ ಮತ್ತು ಹಾಸಿಗೆಯ ಮೊದಲ ದಮ್ಮು, ಎರಡನ್ನೂ ನೋಡಿದ ವೈದ್ಯರು 4 ಮಿಲಿಗ್ರಾಂ ಗಮ್ ಬರೆದುಕೊಟ್ಟರು. ಗಮ್ಮನ್ನು ಚ್ಯೂಯಿಂಗ್ ಗಮ್‌ನಂತೆ ಒಂದೇ ಸಮನೆ ಅಗಿಯಬಾರದು. ಘಾಟು ಬಂದೊಡನೆ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿ ಇಟ್ಟು, ಘಾಟು ಕಡಿಮೆಯಾದಾಗ ಮತ್ತೆ ಅಗಿಯಬೇಕು. ಕಾಫಿ, ಟೀ ಕುಡಿದ ಕೂಡಲೇ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲವಾದ್ದರಿಂದ ಕಾಲು ಗಂಟೆ ಬಿಡಬೇಕು. ಹಂಬಲ ಬಂದಾಗ ಮಾತಾಡಲೆಂದು ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ನ 1800-112-356 ಸಂಖ್ಯೆಯನ್ನೂ ಬರೆದುಕೊಟ್ಟೆವು, ಆದರೆ ರಾತ್ರಿ ಪಾಳಿಯ ಹೊತ್ತಿನಲ್ಲಿ ಅವರಿಗೆ ಹೆಚ್ಚು ನೆರವಾದವರು ಅದೇ ಪಾಳಿಯ ಹಿರಿಯ ಸಹೋದ್ಯೋಗಿ, ತಾವೂ ಬೀಡಿ ಬಿಟ್ಟವರು.

ಉಳಿದಿದ್ದ ಬಾಟಲಿಗಳ ಬಗ್ಗೆ ಎಚ್ಚರ ಬೇಕಿತ್ತು. ಹಣ್ಣಿನ ಪರಿಮಳದ, ಸಿಹಿ ಬೆರೆತ ನಿಕೋಟಿನ್ ದ್ರವ ಮಕ್ಕಳ ಕೈಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಅವರ ಮನೆಯಲ್ಲಿ ಅಣ್ಣನ ಮಗಳಿಗೆ ನಾಲ್ಕು ವರ್ಷ. ಬಾಟಲಿಗಳು ಟಿ.ವಿ. ಕಪಾಟಿನ ಕೆಳಗಿನ ಹಲಗೆಯಲ್ಲಿದ್ದವು. ವಿಷಯವನ್ನು ಮೊದಲ ಬಾರಿಗೆ ಅತ್ತಿಗೆಗೆ ಹೇಳಿ, ಈ ಯುವಕರೇ ಬಾಟಲಿಗಳನ್ನು ತೆಗೆದು ಬೀಗ ಹಾಕಿಟ್ಟರು. ಆ ಬಳಿಕ ಮಾಡ್, ಟ್ಯಾಂಕ್, ಬಾಟಲಿಗಳನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಪೊಲೀಸ್ ಠಾಣೆಗೆ ಒಪ್ಪಿಸಿದರು. ಕಾಯ್ದೆ ಜಾರಿಗೆ ಬಂದಾಗ ಕೈಯಲ್ಲಿದ್ದ ದಾಸ್ತಾನನ್ನು ಒಪ್ಪಿಸಲು ಕಾನೂನು ತೋರಿಸಿದ್ದೂ ಠಾಣೆಯ ದಾರಿಯನ್ನೇ.

ಕೆಮ್ಮು ಮೂರನೆಯ ವಾರದ ಹೊತ್ತಿಗೆ ಬಹುಮಟ್ಟಿಗೆ ಇಳಿಯಿತು. ಗಂಟಲುರಿ ಅದಕ್ಕಿಂತ ಬೇಗ ಹೋಯಿತು. ನಡುವೆ ಊರಿನಲ್ಲಿ ಸಂಬಂಧಿಕರ ಬೀಗರ ಊಟದ ದಿನ ಗೆಳೆಯರ ಜೊತೆ ಎರಡು ಸಿಗರೇಟು ಸೇದಿದ್ದಾಗಿ ಮರುದಿನ ತಾವೇ ಫೋನ್ ಮಾಡಿ ತಿಳಿಸಿದರು. ಅದಕ್ಕಾಗಿ ಗಮ್‌ನ ಪ್ರಮಾಣವನ್ನು ಇಳಿಸುವ ದಿನವನ್ನು ವೈದ್ಯರು ಎರಡು ವಾರ ಮುಂದೂಡಿದರು. ಈಗ 2 ಮಿಲಿಗ್ರಾಂಗೆ ಬಂದಿದ್ದಾರೆ, ದಿನಕ್ಕೆ ನಾಲ್ಕೈದು ಸಾಕಾಗುತ್ತಿವೆ. ಶ್ವಾಸಕೋಶದ ಸಾಮರ್ಥ್ಯದ ಪರೀಕ್ಷೆಯನ್ನು ಗಮ್ ಪೂರ್ತಿ ನಿಂತ ಮೇಲೆ ಮಾಡಿಸುವುದೆಂದು ನಿರ್ಧಾರವಾಗಿದೆ. ನಮ್ಮ ಕೇಂದ್ರದ ನೋಂದಣಿ ನಮೂನೆಯಲ್ಲಿ ‘ವೇಪ್ ಬಳಸುತ್ತೀರಾ’ ಎಂಬ ಸಾಲಿನ ಕೆಳಗೆ ಲಿಕ್ವಿಡ್‌ನ ಸಾಂದ್ರತೆಯ ಜೊತೆಗೆ ಬಾಟಲಿ ಎಷ್ಟು ದಿನ ಬರುತ್ತದೆ, ಕಾಯಿಲ್ ಎಷ್ಟು ಓಮ್, ಎಷ್ಟು ವ್ಯಾಟ್‌ನಲ್ಲಿ ಬಳಸುತ್ತೀರಿ ಎಂಬ ಮೂರು ಖಾನೆಗಳನ್ನು ಸೇರಿಸಿದ್ದೇವೆ.